ಒಂದೇ ನಂಬರಿನ ಎರಡು ಹಕ್ಕಿಗಳು

"ಹನ್ನೆರಡ ಆಗಿತ್ತವಾ. ಬರೋಬ್ಬರಿ ಹನ್ನೆರಡು," ಎಂದಳು ಅಲ್ಲವ್ವ, ಶೇಂಗಾ ಸುಲಿಯುವ ಕೈ ನಿಲ್ಲಿಸದೆ.

"ನಿನಗ ಗಡಿಯಾರ ನೋಡಾಕ ಬರತೈತೇನ ಆಯಿ?" ಅನ್ನಪೂರ್ಣಾ ಕೇಳಿದಳು.

"ನನಗೆಲ್ಲಿಂದ ಬರಬೇಕ ನನ್ನವ್ವಾ?"

"ಮತ್ತ ಹನ್ನೆರಡು ಅಂತ ಹೆಂಗ ಹೇಳ್ತಿ?"

"ಅಕ್ಕೋರು ಹೇಳ್ಯಾರ."

ಕಲ್ಲೋಳಿಯ ಆ ಓಣಿಯಲ್ಲಿ ಬೆಳಗಿನಿಂದ ಅನ್ನಪೂರ್ಣಾ ಕೇಳಿಸಿಕೊಂಡ ನಾಲ್ಕನೆಯ ಹನ್ನೆರಡು ಅದು. ಕಿರಾಣಿ ಅಂಗಡಿಯ ಸಾತಪ್ಪ ಹನ್ನೆರಡು ಅಂದಿದ್ದ. ಹಾಲಿನ ಡೇರಿಯ ಶಿವವ್ವ ಹನ್ನೆರಡು ಅಂದಿದ್ದಳು. ಅವತ್ತು ಊರಲ್ಲೇ ಇರಲಿಲ್ಲ ಎಂದು ತಾನೇ ಒಪ್ಪಿಕೊಂಡ ಹನಮಂತ ಕೂಡ, "ನಾ ಇದ್ದಿದ್ದರ ನನಗೂ ಹನ್ನೆರಡ ಆಗಿರತಿತ್ತು" ಅಂದಿದ್ದ.

ಇಡೀ ಓಣಿ ಸೇರಿ ಸುಳ್ಳು ಹೇಳುತ್ತಿತ್ತು. ಒಬ್ಬರ ಮುಖದಲ್ಲೂ ಅಳುಕಿರಲಿಲ್ಲ. ಉಪಕಾರ ತೀರಿಸುವವರ ನೆಮ್ಮದಿ ಇತ್ತು.

ಹತ್ತು ದಿನದ ಹಿಂದೆ, ರವಿವಾರ ಮಧ್ಯಾಹ್ನ ಮೂರು ನಲವತ್ತಕ್ಕೆ, ಹೈದರಾಬಾದಿನಿಂದ ಬೆಳಗಾವಿಗೆ ಇಳಿಯುತ್ತಿದ್ದ ವಿಮಾನದ ಮುಂದೆ ಒಂದು ಡ್ರೋನ್ ಕಾಣಿಸಿಕೊಂಡಿತ್ತು. ಪೈಲಟ್ ವಿಮಾನದ ಮೂತಿ ಎತ್ತಿ ಮೇಲಕ್ಕೆಳೆದ. ಡ್ರೋನ್ ಹತ್ತಿರದ ಬೀಳು ಭೂಮಿಯಲ್ಲಿ ಬಿದ್ದು ಸಿಕ್ಕಿತು. ಅದರ ಮೇಲಿದ್ದ ನೋಂದಣಿ ನಂಬರು ಕಲ್ಲೋಳಿಯ ನಿವೃತ್ತ ಶಿಕ್ಷಕಿ, ಊರೆಲ್ಲ ಅಕ್ಕೋರು ಎಂದು ಕರೆಯುವ ಕಾಶೆವ್ವನವರದು. ಹುಡುಕಿಕೊಂಡು ಬಂದ ಪಿಎಸ್‌ಐ ಗುರುರಾಜನಿಗೆ ಅವರು ಚಹಾ ಕೊಟ್ಟು, "ಹೌದಪ್ಪಾ, ಹಾರಿಸಿದಾಕಿ ನಾನ" ಎಂದುಬಿಟ್ಟಿದ್ದರು. ಲಿಖಿತ ಹೇಳಿಕೆಗೆ ಸಹಿ ಬೀಳುವುದು ಇವತ್ತು ಸಂಜೆ ಐದಕ್ಕೆ.

ಆದರೆ ಅದೇ ರವಿವಾರ ಕಬ್ಬು ಕಡಿಯುವವರಿಗೆ ಬುತ್ತಿ ಒಯ್ದ ಅಲ್ಲವ್ವ, ಎರಡಾಳೆತ್ತರದ ಕಬ್ಬಿನ ನಡುವೆ ದಾರಿ ತಪ್ಪಿ, ಕಾಲುವೆಗೆ ಬಿದ್ದು, ಕಾಲು ಮುರಿದುಕೊಂಡು ಮಲಗಿದ್ದಳು. ಆಕೆಯ ಕೆಂಪು ಸೀರೆಯನ್ನು ಮೇಲಿನಿಂದ ಹುಡುಕಿ ಹಿಡಿದದ್ದು ಕಾಶೆವ್ವನವರ ಡ್ರೋನು. ಅದು ಎಷ್ಟು ಹೊತ್ತಿಗೆ ಎಂಬುದೇ ಈಗ ಪ್ರಶ್ನೆ. ಹನ್ನೆರಡಕ್ಕಾದರೆ, ಆಮೇಲೆ ಎರಡು ತಾಸು ಪ್ರಯಾಣ ಮಾಡಿ ವಿಮಾನ ನಿಲ್ದಾಣದ ಹತ್ತಿರ ಹೋಗಿ ಹಾರಿಸಲು ಅವರಿಗೆ ಸಮಯವಿತ್ತು. ಮೂರು ನಲವತ್ತಕ್ಕಾದರೆ ಅವರು ನಿರಪರಾಧಿ.

"ಆಯಿ, ನೀ ಹನ್ನೆರಡು ಅಂದಷ್ಟೂ ಅಕ್ಕೋರು ಜೈಲಿಗೆ ಹತ್ತರ ಆಗ್ತಾರ. ತಿಳೀತಿಲ್ಲೋ ನಿನಗ?"

ಅಲ್ಲವ್ವನ ಕೈ ನಿಂತಿತು. ಪ್ಲಾಸ್ಟರ್ ಹಾಕಿದ ಕಾಲನ್ನು ಒಮ್ಮೆ ನೋಡಿಕೊಂಡಳು.

"ತಂಗೀ, ನನ್ನ ಪ್ರಾಣ ಉಳಿಸಿದಾಕಿ ಒಂದ ಮಾತ ಬೇಡ್ಯಾಳ. ಹನ್ನೆರಡು ಅನ್ನು ಅಂದಾಳ. ಆಕಿ ನಡುರಾತ್ರಿ ಅನ್ನಂದ್ರೂ ನಾ ಅಂತೇನಿ."

ಅನ್ನಪೂರ್ಣಾ ಕೊರಳಿಗೆ ಸುತ್ತಿದ ಬಟ್ಟೆಯನ್ನು ಸರಿಮಾಡಿಕೊಂಡು ಎದ್ದಳು. ಅವಳಿಗೆ ಸಾಕ್ಷಿ ಬೇಕಿರಲಿಲ್ಲ. ಸಾಕ್ಷಿ ನಿನ್ನೆಯೇ ಸಿಕ್ಕಿತ್ತು.

ಹದಿನೈದು ವರ್ಷ ಸರ್ಕಾರಿ ಭೂಮಾಪಕಿಯಾಗಿ ಹೊಲಗಳನ್ನು ಅಳೆದವಳು ಅವಳು. ದೊಡ್ಡವರ ಬೇಲಿಯನ್ನು ಬಡವರ ಹೊಲದೊಳಗೆ ಸರಿಸಿ ಬರೆಯಲು ಒಪ್ಪದೆ ಕೆಲಸ ಬಿಟ್ಟ ಮೇಲೆ, ಗೋಕಾಕದ ಸುತ್ತ ಯಾರ ಗಡಿ ಕಳೆದರೂ, ಯಾರ ದನ ಕಳೆದರೂ ಜನ ಅವಳ ಬಾಗಿಲಿಗೆ ಬರುತ್ತಿದ್ದರು. ಅಲ್ಲವ್ವ ಸಿಕ್ಕ ಡ್ರೋನ್ ವಿಡಿಯೋ ಊರ ತುಂಬ ಮೊಬೈಲಿನಲ್ಲಿ ಕೈಯಿಂದ ಕೈಗೆ ಓಡಾಡಿ ತೆಗೆದ ವೇಳೆಯ ಗುರುತನ್ನೇ ಕಳೆದುಕೊಂಡಿತ್ತು. ಆದರೆ ಅದರಲ್ಲಿ ಒಂದು ಕರೆಂಟ್ ಕಂಬವಿತ್ತು. ಕಂಬಕ್ಕೆ ನೆರಳಿತ್ತು. ನೆರಳಿನ ತುದಿ ಪಂಪಿನ ಮನೆಯ ಗೋಡೆಯನ್ನು ಮುಟ್ಟಿತ್ತು.

ನಿನ್ನೆ ಅನ್ನಪೂರ್ಣಾ ಅದೇ ಕಂಬದ ಹತ್ತಿರ ಇಡೀ ಮಧ್ಯಾಹ್ನ ನಿಂತಿದ್ದಳು. ಹನ್ನೆರಡಕ್ಕೆ ನೆರಳು ಬದುವನ್ನೂ ದಾಟಲಿಲ್ಲ. ಗೋಡೆ ಮುಟ್ಟಿದಾಗ ಗಡಿಯಾರ ನೋಡಿಕೊಂಡಳು. ಮೂರು ನಲವತ್ತಕ್ಕೆ ಎರಡೇ ನಿಮಿಷ ಕಡಿಮೆ.

ಅಂದರೆ ಅತ್ತ ವಿಮಾನದ ಮುಂದೆ ಆ ಡ್ರೋನ್ ಹಾರುತ್ತಿದ್ದ ಗಳಿಗೆಯಲ್ಲೇ ಇತ್ತ ಕಲ್ಲೋಳಿಯ ಕಬ್ಬಿನ ಮೇಲೆ ಅಕ್ಕೋರ ಡ್ರೋನ್ ಹಾರುತ್ತಿತ್ತು. ನಂಬರ್ ಒಂದೇ. ಆಕಾಶ ಎರಡು.

*

ಓಣಿಯ ತುದಿಯಲ್ಲಿ ದುಂಡಪ್ಪ ಬೈಕಿನ ಮೇಲೆ ಕೂತು ಕಾಯುತ್ತಿದ್ದ. ಹ್ಯಾಂಡಲ್ಲಿಗೆ ಗಂಜಿಯ ಥರ್ಮಾಸ್ ತೂಗುತ್ತಿತ್ತು.

"ಎಷ್ಟ ಮಾತಾಡ್ತಿ? ಡಾಕ್ಟರ್ ಏನ ಹೇಳ್ಯಾರ? ಹದಿನೈದ ದಿನ ಗಂಟಲಿಗೆ ಸೂಟಿ ಅಂದಿಲ್ಲೇನು?"

"ನಾ ಮಾತಾಡಿಲ್ರಿ. ಕೇಳೇನಿ ಅಷ್ಟ."

"ಕೇಳಾಕೂ ಬಾಯಿ ಬೇಕಲ್ಲ," ಎನ್ನುತ್ತ ಥರ್ಮಾಸಿನ ಮುಚ್ಚಳಕ್ಕೆ ಗಂಜಿ ಬಗ್ಗಿಸಿ, ಊದಿ, ಕೈಗಿಟ್ಟ.

ಕಬ್ಬಿನ ಸುಗ್ಗಿ ಜೋರಾಗಿದ್ದ ಹೊತ್ತು. ಬೇರೆಯವರ ಟ್ರ್ಯಾಕ್ಟರುಗಳು ಹಗಲೂ ರಾತ್ರಿ ಫ್ಯಾಕ್ಟರಿಗೆ ಓಡುತ್ತಿದ್ದರೆ, ದುಂಡಪ್ಪ ತನ್ನದನ್ನು ಹಿತ್ತಲಲ್ಲಿ ನಿಲ್ಲಿಸಿ ಹೆಂಡತಿಯ ಹಿಂದೆ ಥರ್ಮಾಸ್ ಹಿಡಿದು ತಿರುಗುತ್ತಿದ್ದ. ಹೈದರಾಬಾದಿನಲ್ಲಿ ಅವಳ ಗಂಟಲಿನ ಗಂಟು ತೆಗೆದು, ಅದು ಕೆಟ್ಟ ಗಂಟು ಅಲ್ಲ ಎಂದು ಡಾಕ್ಟರು ಹೇಳಿದ ದಿನ ಫೋನಿನಲ್ಲೇ ಅತ್ತಿದ್ದ. ಬಸ್ಸಿನ ಕುಲುಕಾಟ ಹೊಲಿಗೆಗೆ ಆಗದು ಎಂದು ಹಟ ಹಿಡಿದು ವಿಮಾನದ ಟಿಕೀಟು ಮಾಡಿಸಿದವನೂ ಅವನೇ.

ಅನ್ನಪೂರ್ಣಾಳ ಮೊದಲ ವಿಮಾನ ಅದು. ಹತ್ತು ದಿನದ ಹಿಂದಿನ ರವಿವಾರದ ವಿಮಾನ.

ನೆಲ ಹತ್ತಿರ ಬಂದು ಹೊಲಗಳ ಬದು ಎಣಿಸುವಷ್ಟು ಸ್ಪಷ್ಟವಾಗಿತ್ತು. ಇದ್ದಕ್ಕಿದ್ದಂತೆ ವಿಮಾನ ಮೇಲಕ್ಕೆ ಎದ್ದಿತು. ಪಕ್ಕದ ಸೀಟಿನ ಬಾಣಂತಿ ಕೂಸನ್ನು ಎದೆಗೆ ಅವುಚಿಕೊಂಡಳು. ಎಪ್ಪತ್ತು ಜನರ ಉಸಿರು ಒಟ್ಟಿಗೆ ನಿಂತದ್ದು ಅನ್ನಪೂರ್ಣಾಳಿಗೆ ಕೇಳಿಸಿತ್ತು. ಆಮೇಲೆ ಒಂದು ಸುತ್ತು ಹಾಕಿ ಪೈಲಟ್ ಎಲ್ಲರನ್ನೂ ನೆಲಕ್ಕೆ ತಂದಿಳಿಸಿದ. ಹೆಸರೂ ಗೊತ್ತಿಲ್ಲದ ಆ ಮನುಷ್ಯನಿಗೆ ದಿನವೂ ಲಿಂಗಪೂಜೆಯ ಹೊತ್ತಿಗೆ ಅವಳು ಒಂದು ಶರಣು ಹೇಳುತ್ತಿದ್ದಳು.

ಹೊರಗೆ ಬಂದಾಗ ದುಂಡಪ್ಪ ಅರ್ಧ ತಾಸು ತಡವಾಗಿ ಓಡಿ ಬಂದಿದ್ದ. ಮುಖದಲ್ಲಿ ರಕ್ತವಿರಲಿಲ್ಲ. "ಚಹಾ ಕುಡ್ಯಾಕ ಹೋಗಿದ್ದೆ, ದಾರಿ ತಪ್ಪಿತು" ಅಂದಿದ್ದ. ಪ್ಯಾಂಟಿನ ತುಂಬ ಉತ್ತರಾಣಿಯ ಮುಳ್ಳು. ಮನೆ ಬರುವವರೆಗೆ ಬಾಡಿಗೆ ಜೀಪಿನಲ್ಲಿ ಅವಳೇ ನಗುತ್ತ ಒಂದೊಂದಾಗಿ ಕಿತ್ತಿದ್ದಳು. ಚಳಿಗೆ ಹೊದೆಯಲು ಅವ್ವ ಹೊಲಿದುಕೊಟ್ಟ ಸಣ್ಣ ಕೌದಿ ಕೇಳಿದರೆ, "ಒಗದು ಒಣಾ ಹಾಕಿದ್ದೆ, ಗಾಳಿಗೆ ಹಾರಿ ಹೋತು" ಅಂದಿದ್ದ. ಬದುಕಿ ಬಂದವಳಿಗೆ ಕೌದಿಯದೇನು ಲೆಕ್ಕ ಎಂದು ಅವಳೂ ಸುಮ್ಮನಾಗಿದ್ದಳು.

"ಇನ್ನ ಮನಿಗೆ?" ದುಂಡಪ್ಪ ಕೇಳಿದ.

"ಅಕ್ಕೋರ ಮನಿಗೆ."

*

ಕಾಶೆವ್ವ ಬಿಳಿ ಸೀರೆಗೆ ಇಸ್ತ್ರಿ ಮಾಡುತ್ತಿದ್ದರು. ಮೇಜಿನ ಮೇಲೆ ಎರಡು ಹಾಳೆಯ ಹೇಳಿಕೆ. ಅಕ್ಷರ ನೋಡಿದರೆ ಬೋರ್ಡಿನಿಂದ ಇಳಿಸಿಕೊಂಡಂತಿತ್ತು.

ಅರವತ್ತೊಂದರ ಹೆಣ್ಣುಮಗಳು ಡ್ರೋನ್ ಹಾರಿಸುತ್ತಾಳೆಂದು ಮೊದಮೊದಲು ಊರು ನಕ್ಕಿತ್ತು. ನಗುವುದನ್ನು ಬಿಡಿಸಿದ್ದು ಅವರ ಶಿಸ್ತು. ಡ್ರೋನ್ ಹಾರಿಸುವ ನಿಯಮಗಳು ಇಂಗ್ಲಿಷಿನಲ್ಲಿ, ಮೊಬೈಲಿನ ಆ್ಯಪಿನೊಳಗೆ ಕಾಲು ಚಾಚಿ ಕೂತಿದ್ದವು; ಸಮನ್ಸು ಮಾತ್ರ ಅಚ್ಚಗನ್ನಡದಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು. ಅದಕ್ಕೆ ಸಿಟ್ಟಾಗಿ ಅಕ್ಕೋರು ಅವನ್ನೆಲ್ಲ ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಿದ್ದರು. ಆ ಹಾಳೆ ಈಗಲೂ ಅಲ್ಲೇ ಇತ್ತು:

"ಕೆಂಪು ವಲಯ: ವಿಮಾನ ನಿಲ್ದಾಣದ ಗೋಡೆಯಿಂದ ಐದು ಕಿಲೋಮೀಟರ್. ಸರ್ಕಾರದ ಅಪ್ಪಣೆ ಇಲ್ಲದೆ ಆಟಿಕೆಯಷ್ಟು ಸಣ್ಣದನ್ನೂ ಏರಿಸಬೇಡ. ಹಳದಿ: ಕೇಳದೆ ಏರಿಸಬೇಡ. ಹಸಿರು: ನಾಲ್ಕುನೂರು ಅಡಿ ದಾಟಬೇಡ. ಏರಿಸುವ ಮೊದಲು ನಕಾಶೆ ನೋಡು. ಮೇಲೆ ಹೋಗುವವರಿಗೂ ಮನೆಯಲ್ಲಿ ಕಾಯುವವರು ಇರುತ್ತಾರೆ."

ಅನ್ನಪೂರ್ಣಾ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಈ ಸಾಲು ಬರದಾಕಿ ಕೆಂಪಿನ್ಯಾಗ ಏರಿಸಾಕಿ ಅಲ್ರಿ ಅಕ್ಕೋರ."

"ಬುದ್ಧಿ ಹೇಳಾವರ ತಪ್ಪ ಮಾಡೂದಿಲ್ಲೇನು?"

"ನಿಮ್ಮ ಡ್ರೋನ್ ಎಲ್ಲೈತ್ರಿ?"

"ಪೊಲೀಸರ ಹತ್ತರ."

"ಹಂಗಾದ್ರ ಇದ ಯಾತಕ್ಕ ಚಾರ್ಜ್ ಆಗಾಕತ್ತೈತ್ರಿ?"

ಕಿಟಕಿಯ ಕೆಳಗೆ, ಮಡಿಸಿದ ಪೇಪರಿನ ಹಿಂದೆ, ಒಂದು ಡ್ರೋನ್ ಬ್ಯಾಟರಿಯ ಹಸಿರು ದೀಪ ಮಿಣುಕುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಸೀರೆಯ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು. ಸುಟ್ಟ ವಾಸನೆ ಬಂದಿತು. ಕಾಶೆವ್ವ ಪೆಟ್ಟಿಗೆ ಎತ್ತಿದರು. ಬಿಳಿ ಸೀರೆಯ ಮೇಲೆ ಹಳದಿ ಕಲೆ ಬಿದ್ದಿತ್ತು.

"ಹಳೇ ಬ್ಯಾಟರಿ ಅದು."

"ಅಕ್ಕೋರ, ಕಂಬದ ನೆರಳು ಅಳದೇನಿ. ನಿಮ್ಮ ಡ್ರೋನ್ ಅವತ್ತ ಮೂರು ನಲವತ್ತಕ್ಕ ಇಲ್ಲೇ ಹಾರಾಕತ್ತಿತ್ತು. ಅಲ್ಲಿ ಬಿದ್ದದ್ದು ಬ್ಯಾರೆ. ನಂಬರ್ ಅಷ್ಟ ನಿಮ್ದು. ಯಾರನ್ನ ಕಾಯಾಕತ್ತೀರಿ?"

"ಯಾರನ್ನೂ ಇಲ್ಲ."

"ಕೇಸ್ ಆದ್ರ ಜೈಲ್ರಿ. ಎಪ್ಪತ್ತ ಮಂದಿ ಜೀವದ ಮಾತದು. ನಿಮ್ಮ ಪಿಂಚಣಿ, ನಿಮ್ಮ ಹೆಸರು, ನಲವತ್ತ ವರ್ಷದ ಸಾಲಿ, ಎಲ್ಲಾ ಮಣ್ಣಾಗತೈತಿ."

"ಆಗಲೇಳು."

"ಆ ಎಪ್ಪತ್ತರಾಗ ನಾನೂ ಇದ್ದೆ ಅಕ್ಕೋರ!"

ಹೊಲಿಗೆಯ ಗಂಟಲು ಉರಿಯಿತು. ಅಷ್ಟು ಜೋರಾಗಿ ಅವಳು ಮಾತಾಡಬಾರದಿತ್ತು. ಕಾಶೆವ್ವ ಇಸ್ತ್ರಿ ಬಿಟ್ಟು ಬಂದು, ಅವಳ ಕೊರಳಿನ ಬಟ್ಟೆ ಸರಿಸಿ, ಗಾಯದ ಗೆರೆಯನ್ನು ನೋಡಿದರು. ಸಾಲೆಯಲ್ಲಿ ಮೊಣಕಾಲು ಕೆತ್ತಿಕೊಂಡು ಬಂದಾಗ ನೋಡುತ್ತಿದ್ದಂತೆಯೇ.

"ಇದ್ದಿ ಅಂತ ಗೊತ್ತೈತಿ ನನಗ," ಎಂದರು ಮೆಲ್ಲಗೆ. "ನೀ ಬದುಕಿ ಬಂದಿ. ನನಗ ಅಷ್ಟ ಸಾಕು."

"ನನಗ ಸಾಕಾಗೂದಿಲ್ರಿ."

"ನಿನ್ನ ಕಳೆ ತೆಗಿಯೂ ಹೊಲದಾಗಿಂದ ಎಬ್ಬಿಸಿ ಸಾಲಿಗೆ ಕರಕೊಂಡ ಬಂದಾಗ ನಿಮ್ಮವ್ವ ನನ್ನ ಅಡ್ಡಗಟ್ಟಿ ಬೈದ್ಲು. 'ಇದರಿಂದ ನಿನಗ ಏನ ಬರತೈತಿ ಬಾಯಿ?' ಅಂದ್ಲು. ನಾ ಏನ ಅಂದಿದ್ದೆ?"

ಅನ್ನಪೂರ್ಣಾಳಿಗೆ ನೆನಪಿತ್ತು. ಎಂಟು ವರ್ಷದ ಅವಳ ಕೈ ಅಂದು ಅಕ್ಕೋರ ಕೈಯಲ್ಲಿತ್ತು. ಮರುದಿನ ಅಕ್ಕೋರೇ ತಂದುಕೊಟ್ಟ ನೀಲಿ ಚೌಕಡಿಯ ಸಮವಸ್ತ್ರ ಅವಳ ಬದುಕಿನ ಮೊದಲ ಹೊಸ ಬಟ್ಟೆ.

"'ಈಗ ಕೇಳಬ್ಯಾಡವ್ವಾ' ಅಂದಿದ್ರಿ."

"ಈಗೂ ಅದನ್ನ ಹೇಳ್ತೇನಿ. ಕೇಳಬ್ಯಾಡ. ನೀ ಇದರ ಬೆನ್ನ ಹತ್ತಬ್ಯಾಡ. ನಿನ್ನ ಮ್ಯಾಲ ನನ್ನ ಋಣ ಐತಿ ಅಂತ ತಿಳಕೊಂಡಿದ್ರ, ಇದೊಂದ ಮಾಡು. ಮನಿಗೆ ಹೋಗಿ ಮಲಗು."

ಉಪಕಾರ ಮಾಡಿದವರು ಅದನ್ನು ಎತ್ತಿ ಆಡಬಾರದು. ನಲವತ್ತು ವರ್ಷದಲ್ಲಿ ಅಕ್ಕೋರು ಒಮ್ಮೆಯೂ ಆಡಿರಲಿಲ್ಲ. ಇವತ್ತು ಆಡಿದರೆಂದರೆ ಅವರು ಅಂಜಿದ್ದರು. ತಮ್ಮ ಸಲುವಾಗಿ ಅಲ್ಲ.

ಅನ್ನಪೂರ್ಣಾ ಬಾಗಿ ಅವರ ಪಾದ ಮುಟ್ಟಿದಳು.

"ಅಕ್ಕೋರ, ಹೇಳಿದ್ದೆಲ್ಲಾ ಕೇಳೂ ಹಂಗ ನೀವು ನನಗ ಕಲಿಸಿಲ್ಲ," ಎಂದು ಹೊರಬಿದ್ದಳು.

*

ಗುರುರಾಜ ಕಳಿಸಿದ್ದ ಫೋಟೋ ಅವಳ ಮೊಬೈಲಿನಲ್ಲಿತ್ತು. ಒಂದು ರೆಕ್ಕೆ ಮುರಿದ ಡ್ರೋನ್, ಮೈತುಂಬ ಕಸಕಡ್ಡಿ, ಹೊಟ್ಟೆಯ ಮೇಲೆ ನಂಬರು. ಹತ್ತು ದಿನದಿಂದ ಎಲ್ಲರೂ ಆ ನಂಬರನ್ನು ಓದಿದ್ದರು. ಯಾರೂ ನೋಡಿರಲಿಲ್ಲ.

ಅನ್ನಪೂರ್ಣಾ ದೊಡ್ಡದು ಮಾಡಿ ನೋಡಿದಳು. ಅಚ್ಚು ಹಾಕಿದ ಚೀಟಿಯಲ್ಲ. ಕುಂಚದಿಂದ ಬರೆದದ್ದು. ಹಳದಿ ಅಂಕಿ, ಪ್ರತಿ ಅಂಕಿಗೂ ಕೆಂಪು ಅಂಚು. ಐದರ ಬಾಲ ಹೆಡೆ ಎತ್ತಿದ ಹಾವಿನ ಹಾಗೆ ಸುರುಳಿ ಸುತ್ತಿ ಮೇಲೆದ್ದಿತ್ತು.

ಈ ಐದನ್ನು ಎಲ್ಲೋ ನೋಡಿದ್ದಳು.

ಅಷ್ಟರಲ್ಲಿ ರಸ್ತೆ ನಡುಗಿತು. ಕಬ್ಬು ಹೇರಿದ ಟ್ರ್ಯಾಕ್ಟರ್, ಅದರ ಹಿಂದೆ ಒಂದಲ್ಲ ಎರಡು ಟ್ರೇಲರ್, ಸ್ಪೀಕರಿನಲ್ಲಿ ಹಾಡು ಕಿರುಚುತ್ತ ಹೋದವು. ಇಂಜಿನ್ನಿನ ಮುಂದೆ ಹಳದಿ ನಂಬರು. ಮೊದಲ ಟ್ರೇಲರಿಗೆ ಅದೇ ನಂಬರು. ಎರಡನೆಯದಕ್ಕೂ ಅದೇ. ಮೂರು ಕಡೆಯೂ ಐದು ಹೆಡೆ ಎತ್ತಿತ್ತು.

ಅನ್ನಪೂರ್ಣಾಳ ಎದೆಯೊಳಗೆ ಏನೋ ಜಾಗ ಹುಡುಕಿಕೊಂಡು ಕೂತಂತಾಯಿತು.

"ಈ ನಂಬರ್ ಯಾರ ಬರೀತಾರ್ರಿ?" ಗಂಡನನ್ನು ಕೇಳಿದಳು.

ದುಂಡಪ್ಪ ಥರ್ಮಾಸಿನ ಮುಚ್ಚಳ ತಿರುವುತ್ತಿದ್ದ. ಅದಾಗಲೇ ಬಿಗಿಯಾಗಿತ್ತು.

"ಯಾವ್ಯಾವನೋ ಬರೀತಾರ. ಊರಿಗೊಬ್ಬ ಅದಾನ."

"ನಮ್ಮ ಟ್ರ್ಯಾಕ್ಟರಿಗೆ?"

"ನೆನಪಿಲ್ಲ. ನಡಿ, ಬಿಸಲ ಆತು."

ನೆನಪು ಮಾಡಿಕೊಟ್ಟವನು ಎದುರಿನ ಕಿರಾಣಿ ಅಂಗಡಿಯಿಂದ ಮಾತು ಕೇಳಿಸಿಕೊಂಡ ಸಾತಪ್ಪ, ಯಾರೂ ಕೇಳದೆಯೇ. "ಹುಕ್ಕೇರಿ ಶೆಟ್ಟೆಪ್ಪನ ಕೈರಿ ಅದು! ಆ ಹಾವಿನ ಐದು ಮತ್ತ್ಯಾರಿಗೆ ಬರತೈತಿ? ಬಸ್‌ಸ್ಟ್ಯಾಂಡಿನ ಹಿಂದ ಅಂಗಡಿ. ದುಂಡಪ್ಪಣ್ಣಗ ಗೊತ್ತಿರಬೇಕಲ್ಲ?"

"ಹುಕ್ಕೇರಿ ತನಕ ಬ್ಯಾಡ," ದುಂಡಪ್ಪ ಥಟ್ಟನೆ ಅಂದ. "ಧೂಳಿನ್ಯಾಗ ಅಡ್ಡ್ಯಾಡಬ್ಯಾಡ ಅಂದಾರ. ಹಿಂದಿನ ಗಾಲಿನೂ ಇಳದೈತಿ. ನಾಳೆ ಹೋಗೂಣು."

"ನಾಳೆ ಅಂದ್ರ ಅಕ್ಕೋರ ಸಹಿ ಬಿದ್ದಿರತೈತಿ."

"ನನ್ನ ಮಾತ ಒಂದಿನಾರ ಕೇಳು, ಅನ್ನಪೂರ್ಣಾ."

ಒಂದೇ ತಾಸಿನಲ್ಲಿ ಎರಡನೆಯ ಸಲ, ಅವಳನ್ನು ಪ್ರೀತಿಸುವವರು ಅವಳಿಗೆ ಮನೆಗೆ ಹೋಗು ಎನ್ನುತ್ತಿದ್ದರು. ಅವಳು ಗಾಲಿಯನ್ನು ನೋಡಿದಳು. ತುಂಬ ಗಾಳಿಯಿತ್ತು.

"ನೀವು ಗಾಳಿ ಹಾಕಿಸಿಕೊಂಡ ಬರ್ರಿ," ಎಂದಷ್ಟೇ ಹೇಳಿ, ಗೋಕಾಕದ ಬಸ್ಸಿಗೆ ಕೈ ಮಾಡಿದಳು.

*

ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಮುಟ್ಟುವಾಗ ನಾಲ್ಕು ದಾಟಿತ್ತು. ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ಒಣಗುತ್ತಿದ್ದ ನಂಬರ್ ಫಲಕಗಳು, ನಡುವೆ ಕಿವಿಗೆ ಕುಂಚ ಸಿಕ್ಕಿಸಿಕೊಂಡ ಶೆಟ್ಟೆಪ್ಪ.

ಅನ್ನಪೂರ್ಣಾ ಫೋಟೋ ತೋರಿಸಿದಳು. ಶೆಟ್ಟೆಪ್ಪ ಕನ್ನಡಕ ಏರಿಸಿ ನೋಡಿ, ತನ್ನ ಕೂಸನ್ನು ಜಾತ್ರೆಯಲ್ಲಿ ಕಂಡವನಂತೆ ನಕ್ಕ.

"ನಂದ ಕೈರಿ ಬಾಯಾರ. ಚಂದ ಬಂದೈತಿಲ್ಲೋ? ಇಷ್ಟ ಸಣ್ಣ ಜಾಗಾದಾಗ ಅಂಚು ಕಟ್ಟೂದು ಸುಮ್ಮನಲ್ಲ. ಉಸರ ಹಿಡದ ಬರದೇನಿ."

"ಇಂಥಾವು ಎಷ್ಟ ಬರದಿರಿ?"

"ಎರಡು."

"ಎರಡಕ್ಕೂ ಇದ ನಂಬರ?"

"ಮತ್ತ?" ಶೆಟ್ಟೆಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಒಬ್ಬಾಂವ ಎರಡನ್ನೂ ಕೂಡೇ ತಂದಿದ್ದ. ಒಂದಕ್ಕ ಚೀಟಿ ಇತ್ತು, ಅರ್ಧ ಕಿತ್ತಿತ್ತು. 'ಇದು ಅಕ್ಕೋರದು, ಬಣ್ಣದಾಗ ಗಟ್ಟಿ ಬರದ ಕೊಡು' ಅಂದು ಚಹಾಕ್ಕ ಹೋದ. ಬಾಜೂಕ ಇನ್ನೊಂದು ಬೋಳಾಗಿ ಕುಂತಿತ್ತು. ನಾ ಎರಡಕ್ಕೂ ಹೊಡದೆ. ಟ್ರ್ಯಾಕ್ಟರಿಗೆ ಹಂಗ ಅಲ್ರಿ? ಇಂಜಿನ್ ನಂಬರ ಒಂದ ಇರತೈತಿ, ಟ್ರೇಲರ್ ಎರಡಿದ್ರ ಎರಡಕ್ಕೂ ಅದನ್ನ ಹೊಡೀತೇವಿ. ಮೂವತ್ತ ವರ್ಷದಿಂದ ಹಂಗ ಮಾಡೇನಿ. ಯಾರೂ ತಪ್ಪು ಅಂದಿಲ್ಲ."

ಅನ್ನಪೂರ್ಣಾ ಒಂದು ಡಬ್ಬಿಯ ಮೇಲೆ ಕೂತಳು. ಮೋಸವಲ್ಲ, ಸಂಚಲ್ಲ. ಕಬ್ಬಿನ ನಾಡಿನ ರೂಢಿ ಹಾಗೆಯೇ ಆಕಾಶಕ್ಕೆ ಏರಿತ್ತು. ಅಕ್ಕೋರು ಉಳಿದರು! ಒಂದು ಕ್ಷಣ, ಆ ಬಣ್ಣದ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು.

"ನಿಮ್ಮ ಉಪಕಾರ ಮರಿಯೂದಿಲ್ರಿ ಶೆಟ್ಟೆಪ್ಪಣ್ಣಾ. ಇದನ್ನ ಪೊಲೀಸರ ಮುಂದ ಹೇಳ್ತೀರಿ?"

"ಪೊಲೀಸ್ ಯಾಕ್ರಿ?" ಅವನ ನಗು ಇಳಿಯಿತು. "ತಪ್ಪಾತೇನ್ರಿ? ಆ ಮನಿಷಾನೂ ನೋಡಿ ನಕ್ಕ. 'ಏ ಮಾರಾಯ, ಇದು ನಂದು, ಇದಕ್ಕ ಬ್ಯಾರೆ ನಂಬರ ಬರಬೇಕು' ಅಂದ. 'ಬರೂ ತನಕ ಇರಲಿ, ಬಂದ ಮ್ಯಾಲ ಅಳಿಸಿ ಬರದ ಕೊಡ್ತೇನಿ' ಅಂದೆ. ಆತು ಅಂತ ಒಯ್ದ."

"ಯಾರವರು?"

"ಹೆಸರ ಕೇಳಿಲ್ರಿ. ನಮ್ಮ ಗಿರಾಕಿ ಇರಬೇಕು, ಮುಖಾ ನೋಡಿದಂಗಿತ್ತು. ಸುಗ್ಗಿಯಾಗ ನೂರ ಮಂದಿ ಬರತಾರ. ಹಾಂ, ತಡೀರಿ, ಅವರ ಒಂದ ಸಾಮಾನ ಇಲ್ಲೇ ಉಳದೈತಿ. ಡ್ರೋನಿಗೆ ಗೀರ ಬೀಳಬಾರದಂತ ಸುತ್ತಿಕೊಂಡ ಬಂದಿದ್ರು. ನನ್ನ ಕೆಂಪ ಬಣ್ಣ ಚೆಲ್ಲಿಬಿಡ್ತು. ನಮ್ಮಾಕಿ ಒಗದ ಇಟ್ಟಾಳ. ಒಯ್ಯಾಕ ಬರಲೇ ಇಲ್ಲ."

ಒಳಗೆ ಹೋಗಿ ತಂದು ಅವಳ ಮಡಿಲಿಗಿಟ್ಟ.

ಸಣ್ಣ ಕೌದಿ. ಕೂಸಿಗೆ ಹೊದಿಸುವಷ್ಟು. ನಡುವೆ ಇಳಕಲ್ ಸೆರಗಿನ ತುಂಡು, ಅದರ ಸುತ್ತ ಅಪ್ಪನ ಧೋತರದ ಅಂಚು. ಬಲಮೂಲೆಯಲ್ಲಿ ನೀಲಿ ಚೌಕಡಿ. ಒಗೆದು ಒಗೆದು ಬಣ್ಣ ಹೋದ, ಸಾಲೆಯ ಸಮವಸ್ತ್ರದ ತುಂಡು.

ಅವ್ವನ ಹೊಲಿಗೆಯನ್ನು ಅನ್ನಪೂರ್ಣಾಳ ಬೆರಳು ಕಣ್ಣು ಮುಚ್ಚಿದರೂ ಓದುತ್ತಿತ್ತು. ಅಂಥ ಕೌದಿ ಮೂರು ತಾಲೂಕಿನಲ್ಲಿ ಇನ್ನೊಂದಿರಲಿಲ್ಲ.

ಗಾಳಿಗೆ ಹಾರಿ ಹೋಗಿತ್ತಲ್ಲ ಅದು?

"ಭಾಳ ಒಳ್ಳೇ ಮನಿಷಾರಿ ಅಂವ," ಶೆಟ್ಟೆಪ್ಪ ತನ್ನ ಪಾಡಿಗೆ ಹೇಳುತ್ತಿದ್ದ. "ಮನಿಯಾಕಿ ಆಪರೇಷನ್ನಿಗೆ ಹೋಗ್ಯಾಳ ಅಂತ. ಆರಾಮಾಗಿ ಬರಾಕತ್ಯಾಳ ಅಂತ ಹೇಳೂವಾಗ ಕಣ್ಣಾಗ ನೀರ. 'ಮೊದಲನೇ ಸಲ ವಿಮಾನ ಹತ್ತತಾಳ, ಆಕಿ ಇಳಿಯೂದನ್ನ ಮ್ಯಾಲಿಂದ ಹಿಡದು ಆಕಿಗೆ ತೋರಸ್ತೇನಿ' ಅಂದ. ಅಂಥಾ ಗಂಡನ್ನ ಪಡೀಬೇಕಂದ್ರ..."

ಮುಂದಿನದು ಅನ್ನಪೂರ್ಣಾಳಿಗೆ ಕೇಳಿಸಲಿಲ್ಲ. ಮೊಬೈಲಿನಲ್ಲಿ ಇನ್ನೂ ತೆರೆದಿದ್ದ ಫೋಟೋವನ್ನು ನೋಡಿದಳು. ಡ್ರೋನಿನ ಮೈಗೆ ಹತ್ತಿದ್ದು ಬರೀ ಕಸಕಡ್ಡಿಯಲ್ಲ. ಉತ್ತರಾಣಿಯ ಮುಳ್ಳು. ಜೀಪಿನಲ್ಲಿ ನಗುತ್ತ ಅವಳೇ ಒಂದೊಂದಾಗಿ ಕಿತ್ತಿದ್ದ ಮುಳ್ಳು.

ನಂಬರು ಬರೆಸಲು ತಮ್ಮ ಡ್ರೋನನ್ನು ಯಾರ ಕೈಗೆ ಕೊಟ್ಟಿದ್ದೆ ಎಂಬುದು ಅಕ್ಕೋರಿಗೆ ಗೊತ್ತಿತ್ತು. ಅವರು ಕಾಯುತ್ತಿದ್ದದ್ದು ಯಾರನ್ನು ಎಂಬುದು ಈಗ ತಿಳಿಯಿತು. ದುಂಡಪ್ಪನನ್ನಲ್ಲ. ಅವಳನ್ನೇ. ಗಂಟಲು ಸೀಳಿಸಿಕೊಂಡು, ಆಕಾಶದಿಂದ ಬದುಕಿ ಬಂದ ತಮ್ಮ ಹುಡುಗಿಯ ಮನೆಯನ್ನು.

ಪಕ್ಕದ ಸೀಟಿನ ಬಾಣಂತಿ ಕೂಸನ್ನು ಅವುಚಿಕೊಂಡದ್ದು ಮತ್ತೆ ಕಣ್ಣ ಮುಂದೆ ಬಂತು. ಪ್ರೀತಿಯಿಂದ ಹಾರಿಸಿದ್ದಾದರೂ ಅದು ವಿಮಾನದ ಮುಂದೆಯೇ ಹಾರಿತ್ತು. ಎಪ್ಪತ್ತು ಮನೆಗಳಲ್ಲಿ ಎಪ್ಪತ್ತು ಥರ್ಮಾಸುಗಳು ಕಾಯುತ್ತಿದ್ದವು.

ಫೋನ್ ರಿಂಗಾಯಿತು. ಗುರುರಾಜ.

"ಮೇಡಂ, ಐದ ಆತ್ರಿ. ಅಕ್ಕೋರ ಮನಿಯಾಗ ಕುಂತೇನಿ. ಅವರು ಪೆನ್ನಿನ ಟೋಪಿ ತಗದಾರ. ನನಗೂ ಮನಸ್ಸಿಲ್ಲ, ಖರೆ ಹೇಳ್ತೇನಿ. ನಿಮ್ಮ ಹತ್ತರ ಬ್ಯಾರೆ ಹೆಸರ ಐತೋ ಇಲ್ಲೋ?"

ಹೊರಗೆ ಒಂದು ಬೈಕು ಬಂದು ನಿಂತಿತು. ದುಂಡಪ್ಪ ಥರ್ಮಾಸ್ ಹಿಡಿದು ತಗಡಿನ ಮಾಡಿನ ಕೆಳಗೆ ಕಾಲಿಟ್ಟ. ಅವಳ ಮಡಿಲಲ್ಲಿದ್ದ ಕೌದಿಯನ್ನು ನೋಡಿದ. ಇಟ್ಟ ಕಾಲು ಅಲ್ಲೇ ನಿಂತಿತು.

"ಅರೆ, ಇವರ ನೋಡ್ರಿ ಬಾಯಾರ!" ಶೆಟ್ಟೆಪ್ಪ ಸಂಭ್ರಮದಿಂದ ಕೂಗಿದ. "ಕೌದಿ ಒಯ್ಯಾಕ ಬಂದ್ರಿ ಏನ್ರಿ ಅಣ್ಣಾರ?"

"ಮೇಡಂ?" ಫೋನಿನಲ್ಲಿ ಗುರುರಾಜ. "ಐತೋ ಇಲ್ಲೋ?"

ಅನ್ನಪೂರ್ಣಾ ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ. ನೀಲಿ ಚೌಕಡಿಯ ಮೇಲಿದ್ದ ಅವಳ ಹೆಬ್ಬೆರಳು ಬಿಳಿಚಿತ್ತು.

"ಐತಿ," ಎಂದಳು.

ಆ ಕಡೆ ದೂರದಲ್ಲಿ ಕಾಶೆವ್ವನವರ ದನಿ ಕೇಳಿಸಿತು: "ಫೋನ್ ಇಡು ಗುರುರಾಜ! ಆಕಿ ಮಾತ ಕೇಳಬ್ಯಾಡ!"

ದುಂಡಪ್ಪ ಥರ್ಮಾಸನ್ನು ನೆಲದ ಮೇಲೆ ಮೆಲ್ಲಗೆ ಇಟ್ಟ. ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದ.

"ಫೋನ್ ನನ್ನ ಕೈಯಾಗ ಕೊಡು."

ಒಪ್ಪಿಕೊಳ್ಳುವುದಕ್ಕೋ, ಬಂದ್ ಮಾಡುವುದಕ್ಕೋ, ಹದಿನೆಂಟು ವರ್ಷ ಆ ಕೈಯಿಂದ ಉಂಡವಳಿಗೂ ಆ ಕೈ ನೋಡಿ ತಿಳಿಯಲಿಲ್ಲ.